ಮೋಟಾರು ಬೋಟಿನ ಲಂಗರಿಗೆ ಕವಲು ಹಗ್ಗ

ಕಾರವಾರದಿಂದ ಭಟ್ಕಳದವರೆಗಿನ ಸಣ್ಣ ಮೋಟಾರು ಬೋಟುಗಳ ಮಾಲೀಕರು, ಚಾಲಕರು ಮತ್ತು ಮೀನುಗಾರರು ಸೇರಿದ್ದ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಹಗ್ಗವನ್ನು ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಿಂದಲೇ ತಿಳಿಸಬೇಕಾದ ಕಾರಣ ಕೆಲವು ಕಡೆ ವಿವರಣೆ ಉದ್ದವಾಗಿದೆ. ಸಭೆಯಲ್ಲಿ ಬೋಟು ನಡೆಸುವ ತಂಡೇಲರೊಬ್ಬರು ಕೇಳಿದ ಪ್ರಶ್ನೆಯನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ಲಂಗರು ಹಾಕಿದ ಮೇಲೆ ನಾವೆಲ್ಲರೂ ಮೊದಲು ಕೇಳುವ ಪ್ರಶ್ನೆ, ಲಂಗರು ತಳವನ್ನು ಕಚ್ಚಿದೆಯೇ ಎಂಬುದು. ಅದು ಸರಿಯಾದ ಪ್ರಶ್ನೆಯೇ. ಆದರೆ ಹಗ್ಗಕ್ಕೆ ಎರಡು ತುದಿಗಳಿವೆ, ಮತ್ತು ನೀರಿನಡಿಯ ತುದಿಯ ಬಗ್ಗೆ ನಾವು ಪಡುವ ಚಿಂತೆಯ ಕಾಲು ಭಾಗವನ್ನೂ ಬೋಟಿನ ಮೇಲಿನ ತುದಿಯ ಬಗ್ಗೆ ಪಡುವುದಿಲ್ಲ. ಫೈಬರ್ ಬೋಟುಗಳ ದುರಸ್ತಿಯಲ್ಲಿ ಬಹುಕಾಲ ಕಳೆದವನಾಗಿ ನಾನು ಹೇಳಬಯಸುವುದು ಇಷ್ಟೇ: ಲಂಗರಿನ ಎಳೆತವನ್ನು ಬೋಟಿನ ಯಾವ ಭಾಗ ಹೊರುತ್ತದೆ ಎಂಬುದನ್ನು ನಾವೇ ನಿರ್ಧರಿಸಬೇಕು. ಹಾಗೆ ನಿರ್ಧರಿಸುವುದಕ್ಕೆ ಇರುವ ಅತ್ಯಂತ ಅಗ್ಗದ ಸಾಧನವೆಂದರೆ ಎರಡು ಕಾಲುಗಳ ಒಂದು ನೈಲಾನ್ ಹಗ್ಗ. ಇಂಗ್ಲಿಷಿನವರು ಕುದುರೆಯ ಕಡಿವಾಣದ ಹೆಸರಿನಿಂದ ಅದನ್ನು ಬ್ರೈಡಲ್ ಎಂದು ಕರೆದರು. ನಾನು ಕವಲು ಹಗ್ಗ ಎನ್ನುತ್ತೇನೆ.

ದುರಸ್ತಿಗೆ ಬರುವ ಬೋಟಿನ ಮೂತಿಯ ಮೇಲೆ, ಲಂಗರು ಎತ್ತುವ ವಿಂಚಿನ ಬುಡವನ್ನು ಒಮ್ಮೆ ಬಗ್ಗಿ ನೋಡಿ. ನಾಲ್ಕು ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕುಗಳು ನಕ್ಷತ್ರದ ಆಕಾರದಲ್ಲಿ ಹರಡಿರುತ್ತವೆ. ಬಣ್ಣ ಹಳೆಯದಾಯಿತು ಎಂದು ಮಾಲೀಕರು ಅಂದುಕೊಂಡಿರುತ್ತಾರೆ. ಬೋಲ್ಟು ಬಿಚ್ಚಿದಾಗ ದುಂಡಗಿರಬೇಕಾದ ತೂತು ಮೊಟ್ಟೆಯ ಆಕಾರಕ್ಕೆ ಹಿಗ್ಗಿರುವುದು ಕಾಣುತ್ತದೆ. ಪಕ್ಕದಲ್ಲಿ ಡ್ರಿಲ್ ಇಟ್ಟು ಕೊರೆದರೆ ಫೈಬರಿನ ಎರಡು ಪದರಗಳ ನಡುವಿನ ಪ್ಲೈವುಡ್ಡಿನಿಂದ ಟೀ ಬಣ್ಣದ ನೀರು ಜಿನುಗುತ್ತದೆ. ಇಂಥ ಡೆಕ್ಕುಗಳನ್ನು ನಾನು ಕತ್ತರಿಸಿ ತೆಗೆದು ಹೊಸದಾಗಿ ಕಟ್ಟಿದ್ದೇನೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಬಿರುಗಾಳಿಯಲ್ಲಿ ಹಾಳಾದವಲ್ಲ. ವಿಂಚನ್ನು ತಯಾರಿಸಿರುವುದು ಲಂಗರನ್ನು ಮೇಲೆತ್ತುವುದಕ್ಕೆ. ರಾತ್ರಿಯಿಡೀ ಬೋಟನ್ನು ಹಿಡಿದು ನಿಲ್ಲಿಸುವ ಕೆಲಸ ಅದರದಲ್ಲ. ಅದರ ಗೇರಿನ ಹಲ್ಲುಗಳು, ಶಾಫ್ಟು ಮತ್ತು ಬುಡದ ಬೋಲ್ಟುಗಳು ಒಂದೊಂದು ಅಲೆಗೂ ಬರುವ ಜಗ್ಗುವಿಕೆಯನ್ನು ಸಾವಿರಾರು ಬಾರಿ ತಿಂದು, ಒಂದು ದಿನ ಏನೂ ಸೂಚನೆ ಕೊಡದೆ ಕೈಬಿಡುತ್ತವೆ.

ಈ ಜಗ್ಗುವಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಕವಲು ಹಗ್ಗದ ಅಳತೆಗಳೆಲ್ಲವೂ ಇಲ್ಲಿಂದಲೇ ಹುಟ್ಟುತ್ತವೆ. ಮೋಟಾರು ಬೋಟಿನ ಮೂತಿ ಎತ್ತರವಾಗಿರುತ್ತದೆ, ಆದರೆ ನೀರಿನೊಳಗೆ ಆ ಭಾಗ ಆಳವಾಗಿರುವುದಿಲ್ಲ. ಎಂಜಿನ್, ಪ್ರೊಪೆಲ್ಲರ್, ಚುಕ್ಕಾಣಿಗಳ ಭಾರವೆಲ್ಲ ಹಿಂಬದಿಯಲ್ಲಿದ್ದು, ನೀರನ್ನು ಗಟ್ಟಿಯಾಗಿ ಹಿಡಿದಿರುವುದೂ ಹಿಂಬದಿಯೇ. ಹೀಗಾಗಿ ಗಾಳಿ ಬೀಸಿದಾಗ ಮೊದಲು ಪಕ್ಕಕ್ಕೆ ಸರಿಯುವುದು ಮೂತಿ. ಮೂತಿ ಸರಿದಂತೆ ಬೋಟಿನ ಅಗಲವಾದ ಮಗ್ಗುಲು ಗಾಳಿಗೆ ತೆರೆದುಕೊಳ್ಳುತ್ತದೆ, ಬೋಟು ಅಡ್ಡಡ್ಡವಾಗಿ ಓಡುತ್ತದೆ, ಲಂಗರಿನ ಚೈನು ಬಿಗಿದಾಗ ಮೂತಿ ಥಟ್ಟನೆ ಸೆಳೆಯಲ್ಪಟ್ಟು ಬೋಟು ಇನ್ನೊಂದು ಮಗ್ಗುಲಿಗೆ ಹೊರಳಿ ಅತ್ತ ಓಡುತ್ತದೆ. ಲಂಗರು ಹಾಕಿದ ಬೋಟಿನಲ್ಲಿ ಮಲಗಿದವರಿಗೆ ಈ ಅತ್ತಿಂದಿತ್ತಲ ಓಟವೂ ಪ್ರತಿ ಕೊನೆಯಲ್ಲಿ ಬರುವ ಆ ಒಂದು ಹೊಡೆತವೂ ಚೆನ್ನಾಗಿ ಗೊತ್ತು.

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಸುಮಾರು 10 ಮೀಟರ್ ಉದ್ದದ, ಎದುರಿನಿಂದ 8 ಚದರ ಮೀಟರ್ ಗಾಳಿಗೆ ಒಡ್ಡಿಕೊಳ್ಳುವ ಬೋಟೊಂದನ್ನು ತೆಗೆದುಕೊಳ್ಳಿ. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ಗಾಳಿಯಲ್ಲಿ ಅದರ ಮೇಲೆ ಬೀಳುವ ಎಳೆತ ಸ್ಥೂಲವಾಗಿ 50 ಕಿಲೋಗ್ರಾಂ ತೂಕದಷ್ಟು. ಗಂಟೆಗೆ 72 ಕಿಲೋಮೀಟರ್ ಗಾಳಿಯಲ್ಲಿ ಅದು 200 ಕಿಲೋಗ್ರಾಂ ಆಗುತ್ತದೆ. ಬೋಟು ಮೂತಿಯನ್ನು ಗಾಳಿಗೆ ನೇರವಾಗಿ ಹಿಡಿದಿದ್ದರೆ ಮಾತ್ರ ಈ ಲೆಕ್ಕ ಸರಿ. ಮಗ್ಗುಲು ತೋರಿಸಿದರೆ ಗಾಳಿಗೆ ಒಡ್ಡಿದ ಮೈ ಎರಡೂವರೆಯಷ್ಟೋ ಅದಕ್ಕಿಂತ ಹೆಚ್ಚೋ ಆಗಿ ಎಳೆತವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ.

ಗಾಳಿಯ ಈ ಎಳೆತಕ್ಕಿಂತಲೂ ಕೆಟ್ಟದ್ದು ಹೊಡೆತ. 5 ಟನ್ ತೂಕದ ಬೋಟು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ, ಅಂದರೆ ಮಗುವೊಂದು ಅಂಬೆಗಾಲಿಡುವಷ್ಟು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದೆ ಎಂದುಕೊಳ್ಳಿ. ಬಿಗಿದು ನೆಟ್ಟಗಾದ ಚೈನು ಅದನ್ನು 5 ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ ಆ ಕ್ಷಣದ ಸರಾಸರಿ ಎಳೆತ ಸುಮಾರು 1,270 ಕಿಲೋಗ್ರಾಂ. ಅದೇ ಬೋಟನ್ನು ಹಿಗ್ಗುವ ಹಗ್ಗವೊಂದು ಅರ್ಧ ಮೀಟರಿನಲ್ಲಿ ನಿಧಾನವಾಗಿ ನಿಲ್ಲಿಸಿದರೆ ಎಳೆತ 127 ಕಿಲೋಗ್ರಾಂಗೆ ಇಳಿಯುತ್ತದೆ. ಬೋಟು ಅದೇ, ವೇಗ ಅದೇ, ಲಂಗರೂ ಅದೇ. ಹತ್ತರಷ್ಟು ವ್ಯತ್ಯಾಸ ಬಂದದ್ದು ಹಗ್ಗದ ಹಿಗ್ಗುವಿಕೆಯಿಂದ ಮಾತ್ರ. ಚೈನು ತನ್ನ ಭಾರದಿಂದ ಕಮಾನಿನಂತೆ ಬಾಗಿ ನಿಂತಿರುವಾಗ ಸ್ವಲ್ಪ ಮೆತ್ತನೆಯ ಕೆಲಸ ಮಾಡುತ್ತದೆ, ನಿಜ. ಆದರೆ 8 ಮಿಲಿಮೀಟರ್ ಚೈನು ಮೀಟರಿಗೆ ಒಂದೂವರೆ ಕಿಲೋಗ್ರಾಮಿನಷ್ಟೇ ತೂಗುತ್ತದೆ, ಮತ್ತು ನಮ್ಮ ಕರಾವಳಿಯ ನಾಲ್ಕೈದು ಮೀಟರ್ ನೀರಿನಲ್ಲಿ ಗಾಳಿ ಜೋರಾದಾಗ ಆ ಕಮಾನು ಪೂರ್ತಿ ನೆಟ್ಟಗಾಗಿ, ಹೊಡೆತ ತಡೆಯಬೇಕಾದ ಹೊತ್ತಿಗೇ ಕೈಕೊಡುತ್ತದೆ.

ನಮ್ಮ ಹಿರಿಯರಿಗೆ ಈ ವಿಷಯ ಹೊಸದಾಗಿರಲಿಲ್ಲ. ತೆಂಗಿನ ನಾರಿನ ಹಗ್ಗ ಬಲದಲ್ಲಿ ನೈಲಾನಿಗೆ ಸಾಟಿಯಲ್ಲ, ಆದರೆ ಹಿಗ್ಗುವುದರಲ್ಲಿ ಅದು ಎತ್ತಿದ ಕೈ. ದೊಡ್ಡ ಹಡಗುಗಳೂ ಒಂದು ಕಾಲದಲ್ಲಿ ಕಟ್ಟುಹಗ್ಗದ ನಡುವೆ ಹೊಡೆತ ತಡೆಯುವುದಕ್ಕೆಂದೇ ದಪ್ಪನೆಯ ನಾರಿನ ಹಗ್ಗದ ತುಂಡುಗಳನ್ನು ಸೇರಿಸುತ್ತಿದ್ದವು. ಇಂದು ಅಗ್ಗವೆಂಬ ಕಾರಣಕ್ಕೆ ನಾವು ಎಲ್ಲೆಡೆ ಬಳಸುತ್ತಿರುವ ಪ್ಲಾಸ್ಟಿಕ್ ರೋಪು, ಅಂದರೆ ಪಾಲಿಪ್ರೊಪಿಲೀನ್ ಹಗ್ಗ, ಈ ಕೆಲಸಕ್ಕೆ ಯೋಗ್ಯವಲ್ಲ. ನೈಲಾನಿನಷ್ಟು ಹಿಗ್ಗುವುದಿಲ್ಲ, ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ನೀರಿನ ಮೇಲೆ ತೇಲುವುದರಿಂದ ಪ್ರೊಪೆಲ್ಲರಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಕವಲು ಹಗ್ಗದ ರಚನೆಗೆ ಬರೋಣ. ಸಮಾನ ಉದ್ದದ ಎರಡು ನೈಲಾನ್ ಹಗ್ಗಗಳು. ಒಂದೊಂದರ ತುದಿ ಮೂತಿಯ ಎಡ ಮತ್ತು ಬಲ ಮಗ್ಗುಲಿನ ಕ್ಲೀಟುಗಳಿಗೆ, ಅಂದರೆ ಹಗ್ಗ ಸುತ್ತಿ ಕಟ್ಟುವ ಕೊಂಬುಗಳಿಗೆ, ಕಟ್ಟಿರುತ್ತದೆ. ಇನ್ನೆರಡು ತುದಿಗಳು ಮುಂದೆ ನೀರಿನ ಮೇಲೆ ಅಥವಾ ಒಳಗೆ ಒಂದೆಡೆ ಸೇರಿ ಚೈನನ್ನು ಹಿಡಿದಿರುತ್ತವೆ. ಎತ್ತಿಗೆ ಹಾಕಿದ ಮೂಗುದಾರ ತಲೆಯ ಎರಡೂ ಬದಿಯಿಂದ ಬರುವಂತೆ ಎಂದರೆ ರೈತಾಪಿ ಮನೆಯವರಿಗೆ ಕಣ್ಣಿಗೆ ಕಟ್ಟೀತು. ಉಯ್ಯಾಲೆಯ ಮಣೆಯನ್ನು ನಡುವಿಗೆ ಒಂದೇ ಹಗ್ಗ ಕಟ್ಟಿ ತೂಗಿದರೆ ಅದು ಬುಗುರಿಯಂತೆ ತಿರುಗುತ್ತದೆ. ಎರಡು ತುದಿಗಳಿಗೂ ಹಗ್ಗ ಕಟ್ಟಿದರೆ ತಿರುಗಲು ಹೋದಾಗಲೆಲ್ಲ ಅದನ್ನು ಹಗ್ಗವೇ ಮರಳಿ ನೇರಕ್ಕೆ ತರುತ್ತದೆ. ಬೋಟಿನ ಮೂತಿಗೂ ಇದೇ ನಿಯಮ. ಮೂತಿ ಬಲಕ್ಕೆ ಹೊರಳಿದರೆ ಒಂದು ಕಾಲು ಸಡಿಲವಾಗಿ ಇನ್ನೊಂದು ಬಿಗಿಯುತ್ತದೆ, ಬಿಗಿದ ಕಾಲು ಮೂತಿಯನ್ನು ಗಾಳಿಯತ್ತ ಮರಳಿ ಎಳೆಯುತ್ತದೆ.

ಈ ಮರಳಿಸುವ ಶಕ್ತಿ ಎರಡು ಕ್ಲೀಟುಗಳ ನಡುವಿನ ಅಂತರವನ್ನು ಅವಲಂಬಿಸಿದೆ ಎಂಬುದನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಎರಡು ಒಡಲುಗಳ ಕಟಮರಾನ್ ಬೋಟಿನಲ್ಲಿ ಆ ಅಂತರ ನಾಲ್ಕೈದು ಮೀಟರ್ ಇರುತ್ತದೆ. ಅಲ್ಲಿ ಕವಲು ಹಗ್ಗವಿಲ್ಲದೆ ಲಂಗರು ಹಾಕುವುದೇ ತಪ್ಪು, ಏಕೆಂದರೆ ನಡುವಿನ ಅಡ್ಡತೊಲೆ ಪಕ್ಕದ ಎಳೆತಗಳನ್ನು ತಾಳುವಂತೆ ಕಟ್ಟಿದ್ದಲ್ಲ, ಮತ್ತು ಎರಡು ಮೂತಿಗಳಿಂದ ಬಂದ ಕಾಲುಗಳು ಬೋಟನ್ನು ಅದ್ಭುತವಾಗಿ ನೇರವಾಗಿ ನಿಲ್ಲಿಸುತ್ತವೆ. ನಮ್ಮ ಸಾಮಾನ್ಯ ಒಂಟಿ ಒಡಲಿನ ಬೋಟಿನ ಮೂತಿಯಲ್ಲಿ ಕ್ಲೀಟುಗಳ ಅಂತರ ಒಂದೋ ಒಂದೂವರೆಯೋ ಮೀಟರ್. ಅಲ್ಲಿ ಅತ್ತಿಂದಿತ್ತಲ ಓಟ ಕಡಿಮೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಒಂಟಿ ಒಡಲಿನ ಬೋಟಿನವರು ಇದನ್ನು ಬಳಸಬೇಕಾದ ಮುಖ್ಯ ಕಾರಣಗಳು ಬೇರೆ: ವಿಂಚಿನ ಹೊರೆ ಇಳಿಯುತ್ತದೆ, ಹೊಡೆತ ಹಗ್ಗದಲ್ಲಿ ಕರಗುತ್ತದೆ, ಎಳೆತ ಒಂದರ ಬದಲು ಎರಡು ಗಟ್ಟಿ ಜಾಗಗಳಿಗೆ ಹಂಚಿಹೋಗುತ್ತದೆ. ಕ್ಲೀಟುಗಳ ಅಡಿಯಲ್ಲಿ ಡೆಕ್ಕಿನ ಒಳಮೈಗೆ ಅಗಲವಾದ ಲೋಹದ ತಟ್ಟೆ ಕೊಟ್ಟು ಬೋಲ್ಟು ಹಾಕಿರಬೇಕು. ಬರಿಯ ವಾಷರಿನ ಮೇಲೆ ನಿಂತ ಕ್ಲೀಟನ್ನು ನಂಬಬೇಡಿ.

ಹಂಚಿಕೆಯ ಲೆಕ್ಕದಲ್ಲೂ ಒಂದು ಮೋಸವಿದೆ. ಎರಡು ಕಾಲುಗಳಿದ್ದರೆ ಒಂದೊಂದಕ್ಕೆ ಅರ್ಧ ಎಂದು ಎಲ್ಲರೂ ಭಾವಿಸುತ್ತಾರೆ. ಕಾಲುಗಳ ನಡುವಿನ ಕೋನ ಚಿಕ್ಕದಾಗಿದ್ದರೆ ಅದು ಹೆಚ್ಚುಕಡಿಮೆ ಸರಿ. ಕಾಲಿನ ಉದ್ದವೂ ಕ್ಲೀಟುಗಳ ಅಂತರವೂ ಒಂದೇ ಆಗಿ ಸಮಬಾಹು ತ್ರಿಕೋನವಾದರೆ, ಅಂದರೆ ಕೋನ 60 ಡಿಗ್ರಿ ಇದ್ದರೆ, ಪ್ರತಿ ಕಾಲಿಗೆ ಒಟ್ಟು ಎಳೆತದ ಶೇಕಡ 58ರಷ್ಟು ಬೀಳುತ್ತದೆ. ಕೋನ 90 ಡಿಗ್ರಿಯಾದರೆ ಶೇಕಡ 71, 120 ಡಿಗ್ರಿಯಾದರೆ ಒಂದೊಂದು ಕಾಲಿಗೂ ಪೂರ್ತಿ ನೂರು. ಆದ್ದರಿಂದ ಕಟಮರಾನಿನಲ್ಲಿ ಕಾಲಿನ ಉದ್ದ ಕ್ಲೀಟುಗಳ ಅಂತರಕ್ಕಿಂತ ಕಡಿಮೆ ಇರಬಾರದು, ಒಂದೂವರೆಯಷ್ಟಿದ್ದರೆ ಇನ್ನೂ ಒಳ್ಳೆಯದು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಬೋಟು ಹೊರಳಿದ ಆ ಕೆಟ್ಟ ಕ್ಷಣದಲ್ಲಿ ಒಂದು ಕಾಲು ಸಡಿಲವಾಗಿ ಇನ್ನೊಂದು ಕಾಲೇ ಎಲ್ಲವನ್ನೂ ಹೊರುತ್ತದೆ. ಹಾಗಾಗಿ ಪ್ರತಿಯೊಂದು ಕಾಲೂ ಒಂಟಿಯಾಗಿ ಪೂರ್ತಿ ಎಳೆತವನ್ನು ತಾಳುವಂತಿರಬೇಕು.

ಹಾಗೆಂದು ದಪ್ಪ ಹಗ್ಗ ತಂದು ಕಟ್ಟಿದರೆ ಇನ್ನೊಂದು ತಪ್ಪಾಗುತ್ತದೆ. ಅಗತ್ಯಕ್ಕಿಂತ ದಪ್ಪನೆಯ ನೈಲಾನ್ ಸಾಮಾನ್ಯ ಗಾಳಿಯಲ್ಲಿ ಹಿಗ್ಗುವುದೇ ಇಲ್ಲ, ಹಿಗ್ಗದ ಮೇಲೆ ಅದು ಚೈನಿನಂತೆಯೇ ವರ್ತಿಸುತ್ತದೆ. ಮೂರು ಎಳೆಗಳ 12 ಮಿಲಿಮೀಟರ್ ನೈಲಾನ್ ಹಗ್ಗ ಹೊಸದಿರುವಾಗ ಸುಮಾರು 3 ಟನ್ ಎಳೆತಕ್ಕೆ ತುಂಡಾಗುತ್ತದೆ. ನೀರಿನಲ್ಲಿ ನೆನೆದಾಗ ಅದರ ಬಲ ಹತ್ತು ಹದಿನೈದು ಶೇಕಡ ಕುಗ್ಗುತ್ತದೆ. ಗಂಟು ಹಾಕಿದರೆ ಇನ್ನಷ್ಟು ಹೋಗುತ್ತದೆ, ಆದ್ದರಿಂದ ತುದಿಗಳಲ್ಲಿ ಲೋಹದ ಥಿಂಬಲ್ (ಕುಣಿಕೆಯ ಒಳಬದಿ ಸವೆಯದಂತೆ ಇಡುವ ಬಳೆ) ಇಟ್ಟು ಎಳೆಗಳನ್ನು ಹೆಣೆದು ಕುಣಿಕೆ ಮಾಡುವುದು ಲೇಸು. ಇವನ್ನೆಲ್ಲ ಕಳೆದು ಐದನೆಯ ಒಂದು ಭಾಗವನ್ನು ದಿನಬಳಕೆಯ ಮಿತಿಯೆಂದು ಇಟ್ಟುಕೊಂಡರೂ, ನಾನು ಉದಾಹರಿಸಿದ 10 ಮೀಟರ್ ಬೋಟಿಗೆ 12 ಮಿಲಿಮೀಟರ್ ಸಾಕಾಗುತ್ತದೆ. ಬೋಟು ಭಾರವಾಗಿದ್ದರೆ 14. ಪ್ರತಿ ಕಾಲು ಐದರಿಂದ ಎಂಟು ಮೀಟರ್ ಉದ್ದವಿರಲಿ. ಉದ್ದಕ್ಕೆ ಮೇಲಿನ ಮಿತಿಯೂ ಉಂಟು: ಕಾಲು ತುಂಡಾಗಿ ಜೋತುಬಿದ್ದರೆ ಅದರ ತುದಿ ಹಿಂದಿನ ಪ್ರೊಪೆಲ್ಲರನ್ನು ಮುಟ್ಟುವಂತಿರಬಾರದು.

ಚೈನಿಗೆ ಕವಲನ್ನು ಜೋಡಿಸಲು ಹಲವರು ಕಬ್ಬಿಣದ ಕೊಕ್ಕೆ ಬಳಸುತ್ತಾರೆ. ಕೆಲಸ ಬೇಗ ಆಗುತ್ತದೆ, ಆದರೆ ಗಾಳಿ ನಿಂತು ಹಗ್ಗ ಸಡಿಲವಾದಾಗ ಕೊಕ್ಕೆ ಕಳಚಿ ಬೀಳುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಕೊಕ್ಕೆಯೇ ಬೇಕೆಂದರೆ ಬಾಯಿ ಮುಚ್ಚುವ ಪಿನ್ನು ಇರುವುದನ್ನು ಕೊಳ್ಳಿ. ವಿಂಚೇ ಇಲ್ಲದ, ಹಗ್ಗದಲ್ಲೇ ಲಂಗರು ಹಾಕುವ ಔಟ್‌ಬೋರ್ಡ್ ಬೋಟುಗಳಿಗೆ, ಅಂದರೆ ಎಂಜಿನ್ನನ್ನು ಹಿಂಬದಿಯ ಹೊರಗೆ ಕಟ್ಟಿದವುಗಳಿಗೆ, ಕೊಕ್ಕೆ ಬೇಡವೇ ಬೇಡ. ಕವಲಿನ ತುದಿಯನ್ನು ಲಂಗರಿನ ಹಗ್ಗಕ್ಕೆ ಎಳೆತ ಬರುವ ಕಡೆಯಿಂದ ಮೂರು ಸುತ್ತು ಬಿಗಿಯಾಗಿ ಸುತ್ತಿ, ಆ ಸುತ್ತುಗಳನ್ನು ದಾಟಿಸಿ ಮೇಲೆ ಒಂದು ಬೀಗದ ಸುತ್ತು ಹಾಕಿದರೆ ಎಳೆದಷ್ಟೂ ಅದು ಕಚ್ಚಿಕೊಳ್ಳುತ್ತದೆ, ಕೈಯಿಂದ ಸರಿಸಿದರೆ ಜಾರುತ್ತದೆ.

ಈಗ ಹಾಕುವ ಕ್ರಮ. ಲಂಗರನ್ನು ಇಳಿಸಿ, ಬೇಕಾದಷ್ಟು ಚೈನು ಬಿಟ್ಟು, ಎಂಜಿನನ್ನು ನಿಧಾನವಾಗಿ ಹಿಂದಕ್ಕೆ ಓಡಿಸಿ ಲಂಗರು ಕಚ್ಚುವಂತೆ ಮಾಡಬೇಕು. ಬೇಕಾದಷ್ಟು ಎಂಬುದನ್ನು ಲೆಕ್ಕ ಹಾಕುವಾಗ ನೀರಿನ ಆಳದ ಜೊತೆ ಮೂತಿಯ ಎತ್ತರವನ್ನೂ ಭರತದ ಏರಿಕೆಯನ್ನೂ ಸೇರಿಸಬೇಕು. ಕಾರವಾರದ ಕಡೆ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಒಂದೂವರೆ ಮೀಟರ್ ಏರುವುದು ಸಾಮಾನ್ಯ. ಇಳಿತದಲ್ಲಿ 3 ಮೀಟರ್ ಇದ್ದ ಜಾಗ ಭರತದಲ್ಲಿ ನಾಲ್ಕೂವರೆಯಾಗಿ, ಮೂತಿಯ ಎತ್ತರ ಒಂದೂವರೆ ಸೇರಿ 6 ಆಗುತ್ತದೆ. ಇದರ ಐದು ಪಟ್ಟು ಚೈನೆಂದರೆ 30 ಮೀಟರ್, ಇಳಿತದ ಆಳವನ್ನಷ್ಟೇ ಹಿಡಿದರೆ ಬರುವ ಹದಿನೈದಲ್ಲ. ಲಂಗರು ಕಚ್ಚಿದ್ದು ಖಚಿತವಾದ ಮೇಲೆ, ಚೈನು ಹಾದುಹೋಗುವ ಮೂತಿಯ ಉರುಳೆಯ ಮುಂದೆ ಚೈನಿಗೆ ಕವಲನ್ನು ಜೋಡಿಸಿ, ಎರಡೂ ಕಾಲುಗಳನ್ನು ಕ್ಲೀಟಿಗೆ ಕಟ್ಟಿ, ಅನಂತರ ವಿಂಚಿನಿಂದ ಇನ್ನಷ್ಟು ಚೈನು ಬಿಡುತ್ತ ಹೋದರೆ ಎಳೆತವೆಲ್ಲ ನಿಧಾನವಾಗಿ ಹಗ್ಗಕ್ಕೆ ವರ್ಗವಾಗುತ್ತದೆ. ಕೊಕ್ಕೆಗೂ ಉರುಳೆಗೂ ನಡುವೆ ಚೈನು ತೊಟ್ಟಿಲಿನಂತೆ ಜೋಲಬೇಕು. ಆ ಕ್ಷಣದಲ್ಲಿ ಚೈನಿನ ಕಟಕಟ ಸದ್ದು ನಿಂತು ಬೋಟು ಒಮ್ಮೆಲೇ ಶಾಂತವಾಗುವುದು ಕೇಳಿದವರಿಗೆ ಗೊತ್ತು. ಉಳಿದ ಚೈನನ್ನು ಇನ್ನೊಂದು ಗಟ್ಟಿ ಗೂಟಕ್ಕೆ ಬಿಗಿಯಿರಿ. ಕವಲು ತುಂಡಾದರೂ ಹೊರೆ ವಿಂಚಿಗೆ ಬೀಳಕೂಡದು. ಎತ್ತುವಾಗ ಎಂಜಿನನ್ನು ಸ್ವಲ್ಪ ಮುಂದಕ್ಕೆ ಓಡಿಸಿ ಹಗ್ಗ ಸಡಿಲವಾದ ಮೇಲೆಯೇ ಕೊಕ್ಕೆಗೆ ಕೈ ಹಾಕಬೇಕು. ಬಿಗಿದ ಚೈನಿಗೂ ಉರುಳೆಗೂ ನಡುವೆ ಬೆರಳು ಹೋದರೆ ಅದು ಮರಳಿ ಬರುವುದಿಲ್ಲ.

ಔಟ್‌ಬೋರ್ಡ್ ಬೋಟಿನವರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಅನುಕೂಲವೆಂದು ಲಂಗರಿನ ಹಗ್ಗವನ್ನು ಎಂದಿಗೂ ಹಿಂಬದಿಗೆ ಮಾತ್ರ ಕಟ್ಟಬೇಡಿ. ಎಂಜಿನ್ನಿನ ಭಾರಕ್ಕೆ ಆಗಲೇ ತಗ್ಗಿರುವ ಆ ಭಾಗವನ್ನು ಹಗ್ಗ ಇನ್ನಷ್ಟು ಕೆಳಗೆಳೆದರೆ ಎರಡು ಅಲೆಗಳಲ್ಲಿ ಬೋಟು ತುಂಬುತ್ತದೆ.

ಸವೆತ ಕವಲು ಹಗ್ಗದ ಶತ್ರು. ಕಾಲುಗಳು ಬೋಟಿನ ಅಂಚನ್ನು ದಾಟುವ ಜಾಗದಲ್ಲಿ ಹಳೆಯ ಅಗ್ನಿಶಾಮಕ ಪೈಪಿನ ಬಟ್ಟೆಯನ್ನೋ ಚರ್ಮವನ್ನೋ ಸುತ್ತಿ. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪನ್ನು ತೂರಿಸುವುದು ಸುಲಭವೆಂದು ಕಂಡರೂ ಅದು ಒಳಗಿನ ಶಾಖವನ್ನು ಹೊರಗೆ ಬಿಡುವುದಿಲ್ಲ. ನೈಲಾನ್ ಹಿಗ್ಗಿ ಕುಗ್ಗಿದಂತೆಲ್ಲ ಎಳೆಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ. ಅಂಥ ಪೈಪಿನೊಳಗಿಂದ ನಾನು ಎಳೆದು ತೆಗೆದ ಒಂದು ಹಗ್ಗ ಹೊರಗೆಲ್ಲ ಹೊಸದರಂತೆಯೇ ಇತ್ತು. ಪೈಪಿನ ಒಳಗಿದ್ದ ಗೇಣುದ್ದ ಮಾತ್ರ ಅರಗು ಹಚ್ಚಿದಂತೆ ಹೊಳೆಯುತ್ತ ಕಡ್ಡಿಯಂತೆ ಸೆಟೆದುಕೊಂಡಿತ್ತು. ಎಳೆಗಳನ್ನು ಬಿಡಿಸಿದಾಗ ಒಳಗಿನಿಂದ ಬಿಳಿಯ ಪುಡಿ ಉದುರಿತು.

ನಮ್ಮ ಕರಾವಳಿಗೆ ವಿಶೇಷವಾಗಿ ಉಪಯೋಗಕ್ಕೆ ಬರುವ ಇನ್ನೊಂದು ಬಗೆಯಿದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗಾಳಿ ವಾಯವ್ಯದಿಂದ ಬೀಸುತ್ತದೆ, ಆದರೆ ದೂರದ ಸಮುದ್ರದಿಂದ ನಿಧಾನವಾಗಿ ಉರುಳಿ ಬರುವ ಅಲೆಗಳು ನೈಋತ್ಯದಿಂದ ಬರುತ್ತವೆ. ಬೋಟು ಗಾಳಿಗೆ ಮೂತಿ ಕೊಟ್ಟು ನಿಂತರೆ ಅಲೆ ಅದರ ಎಡ ಮಗ್ಗುಲಿಗೆ ಬಡಿದು ತೊಟ್ಟಿಲಿನಂತೆ ಹೊರಳಿಸುತ್ತದೆ. ಗೋಕರ್ಣದ ಓಂ ಕಡಲತೀರದ ಎದುರು ಪ್ರವಾಸಿಗರನ್ನು ಕೂರಿಸಿಕೊಂಡು ನಿಲ್ಲುವ ಬೋಟಿನವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಚೈನಿಗೆ ಒಂದೇ ಉದ್ದನೆಯ ಹಗ್ಗ ಕಟ್ಟಿ, ಬೋಟಿನ ಹೊರಮೈಯಿಂದಲೇ ಅದನ್ನು ಬಲ ಹಿಂಬದಿಯ ಕ್ಲೀಟಿಗೆ ತಂದು ಬಿಗಿದು, ಮುಂದಿನಿಂದ ಚೈನನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋಗಿ. ಬೋಟಿನ ಬಲ ಮಗ್ಗುಲು ಗಾಳಿಯತ್ತ ತಿರುಗಿ ಮೂತಿ ಅಲೆಯತ್ತ ಬರುತ್ತದೆ, ಹೊರಳಾಟ ನಿಂತು ಮೂತಿ ಮಾತ್ರ ಮೆಲ್ಲಗೆ ಏರಿಳಿಯುತ್ತದೆ. ಇಲ್ಲಿ ಹಗ್ಗ ಹಿಂಬದಿಯವರೆಗೆ ಹೋಗುವುದರಿಂದ, ಅದನ್ನು ಬಿಚ್ಚಿ ಪೂರ್ತಿ ಒಳಗೆಳೆದುಕೊಳ್ಳುವ ತನಕ ಎಂಜಿನನ್ನು ಗೇರಿಗೆ ಹಾಕಬಾರದು. ಮಗ್ಗುಲು ಗಾಳಿಗೆ ಒಡ್ಡಿರುವುದರಿಂದ ಎಳೆತ ಹೆಚ್ಚುತ್ತದೆ, ಆದ್ದರಿಂದ ಇದು ಹಗುರ ಗಾಳಿಯ ಉಪಾಯ ಮಾತ್ರ. ಗಾಳಿ ಏರಿದ ಕೂಡಲೇ ಹಿಂದಿನ ಹಗ್ಗವನ್ನು ಬಿಟ್ಟು ಮೂತಿಯನ್ನು ಗಾಳಿಗೆ ಕೊಡಬೇಕು. ನೇತ್ರಾಣಿ ದ್ವೀಪದಂಥ ಹವಳವಿರುವ ಜಾಗದಲ್ಲಿ ಹವಳದ ಮೇಲೆ ಲಂಗರು ಹಾಕುವ ಪ್ರಶ್ನೆಯೇ ಬರಬಾರದು. ತೇಲುವ ಬುರುಡೆಗೆ (ಬೋಯ್) ಬೋಟು ಕಟ್ಟುವಾಗಲೂ ಇದೇ ಎರಡು ಕಾಲಿನ ಹಗ್ಗ ಬಳಸಬಹುದು.

ನದಿಯ ಬಾಯಿಯಲ್ಲಿ, ಉದಾಹರಣೆಗೆ ಕಾಳಿಯಲ್ಲಿ, ಭರತ ತಿರುಗಿದಾಗ ಬೋಟೂ ತಿರುಗುತ್ತದೆ, ಆಗ ಕವಲಿನ ಎರಡು ಕಾಲುಗಳು ಚೈನಿಗೆ ಜಡೆಯಂತೆ ಸುತ್ತಿಕೊಳ್ಳಬಹುದು. ಒಂದು ಭರತಕ್ಕೆ ಒಮ್ಮೆ ಟಾರ್ಚು ಹಿಡಿದು ಮೂತಿಯಲ್ಲಿ ನೋಡುವುದು ಅಭ್ಯಾಸವಾಗಲಿ.

ಸಭೆಯಲ್ಲಿ ಹಿರಿಯ ತಂಡೇಲರೊಬ್ಬರು ಎದ್ದು ಕೇಳಿದ್ದು ಹೀಗೆ: "ಬಿರುಗಾಳಿಯ ಮುನ್ಸೂಚನೆ ಬಂದರೆ ನಾವೆಲ್ಲ ಕಾರವಾರದ ಕೊಲ್ಲಿಗೆ ಓಡಿ ಬರುತ್ತೇವೆ, ಐದಾರು ಬೋಟು ಮಗ್ಗುಲಿಗೆ ಮಗ್ಗುಲು ಕಟ್ಟಿ ಒಂದೇ ಲಂಗರಿನಲ್ಲಿ ನಿಲ್ಲುತ್ತೇವೆ. ಅಲ್ಲಿ ನಿಮ್ಮ ಕವಲು ಹಗ್ಗ ಏನು ಮಾಡೀತು, ಸರ್?" ಪ್ರಶ್ನೆ ಸರಿಯಾದದ್ದು. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಹೊರರಾಜ್ಯಗಳ ಬೋಟುಗಳೂ ಸೇರಿ ಆ ಕೊಲ್ಲಿ ತುಂಬಿದ್ದನ್ನು ಎಲ್ಲರೂ ಕಂಡಿದ್ದಾರೆ. ನಾನು ಕೊಟ್ಟ ಉತ್ತರ ಅವರಿಗೆ ಪೂರ್ತಿ ಇಷ್ಟವಾಗಲಿಲ್ಲ, ಆದರೂ ಅದನ್ನೇ ಬರೆಯುತ್ತೇನೆ. ಐದು ಬೋಟುಗಳ ಗಾಳಿಯನ್ನು ಒಂದು ಬೋಟಿನ ಎರಡು ಕ್ಲೀಟುಗಳು ಹೊರಲಾರವು, ಅವು ಎಷ್ಟೇ ಗಟ್ಟಿಯಿರಲಿ. ಒಟ್ಟಿಗೆ ನಿಲ್ಲಲೇಬೇಕಾದರೆ ಗಾಳಿ ಹಗುರವಿರುವ ತನಕ ಮಾತ್ರ, ಮತ್ತು ಕನಿಷ್ಠ ಎರಡು ಬೋಟುಗಳ ಲಂಗರುಗಳು, ತಮ್ಮ ತಮ್ಮ ಕವಲುಗಳೊಡನೆ, ನೀರಿನಲ್ಲಿರಬೇಕು. ಗಾಳಿ ಏರುವ ಮುನ್ನವೇ, ಇನ್ನೂ ಬೆಳಕಿರುವಾಗಲೇ ಬಿಡಿಸಿಕೊಂಡು, ಜಾಗವಿರುವಷ್ಟು ದೂರ ಸರಿದು ಒಂದೊಂದು ಬೋಟೂ ತನ್ನದೇ ಲಂಗರಿನಲ್ಲಿ ನಿಲ್ಲಬೇಕು. ಜಾಗ ಸಾಲದಿದ್ದರೆ ಎಂದು ಅವರು ಮತ್ತೆ ಕೇಳಿದರು. ಸಾಲದಿದ್ದರೆ ಕಾಳಿ ನದಿಯೊಳಗೆ, ಇಕ್ಕೆಲದ ದಡಗಳ ಮರೆಗೆ ಹೋಗಿ ಎಂದೆ. ಬಾಯಿಯ ಮರಳುದಿಬ್ಬವನ್ನು ದಾಟಲು ಭರತದ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಬೇಕು, ಗಾಳಿ ಬಂದ ಮೇಲೆ ದಾಟಲು ಹೋಗಬಾರದು.